ದೊಡ್ಡಪ್ಪನ ತೂಕ

ನಮ್ಮ ಭಾವನವರು ತಮ್ಮ ಮನೆಯ ತಕ್ಕಡಿಯನ್ನೇ ಸುಳ್ಳುಗಾರ ಎಂದು ಕರೆದರು ಅಂದರೆ ಅವರ ಕಚೇರಿಯಲ್ಲಿ ಅರ್ಧ ಜನ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಕಣ್ಣಾರೆ ಕಂಡವನು ನಾನು, ಕಿವಿಯಾರೆ ಕೇಳಿದವನೂ ನಾನು, ಕೊನೆಗೆ ಬುಟ್ಟಿ ಹೊತ್ತವನೂ ನಾನೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕನ್ನಡಕದ ಮೇಲಿನಿಂದ ಒಂದು ನೋಟ ಬೀರುವುದು ಅವರ ಉದ್ಯೋಗ. ಆ ನೋಟಕ್ಕೆ ಹೆದರಿ ನಮ್ಮ ಬೀದಿಯ ತರಕಾರಿಯವನು ಭಾವನಿಗೆ ಮಾತ್ರವಲ್ಲ, ಭಾವನ ಹಿಂದೆ ನಿಂತವರಿಗೂ ಒಂದು ಟೊಮೇಟೊ ಹೆಚ್ಚಿಗೆ ಹಾಕುತ್ತಾನೆ. ನಾನು ಅದೇ ಮನೆಯ ಮಹಡಿ ಕೋಣೆಯಲ್ಲಿ ಇರುವವನು. ನನಗೆ ಊಟವೂ ಕೆಳಗೆ, ಉಪದೇಶವೂ ಕೆಳಗೆ.

ಇನ್ನು ದೊಡ್ಡಪ್ಪ. ದೊಡ್ಡಪ್ಪ ಎಂದರೆ ಆಮೆ. ಭಾವ ಚಿಕ್ಕವರಾಗಿದ್ದಾಗ ಅವರ ತಂದೆ ಯಾವುದೋ ರಸ್ತೆಯಲ್ಲಿ ಲಾರಿಯ ಗಾಲಿಯ ಮುಂದಿನಿಂದ ಇದನ್ನು ಎತ್ತಿಕೊಂಡು ಬಂದರಂತೆ. ಅಂಗಿಯ ಮಡಿಲಿನಿಂದ ಇಳಿಸಿ ಮಗನಿಗೆ, "ನಂಗೆ ಅಣ್ಣ ಇಲ್ಲ ಅಂತ ಕೊರಗ್ತಿದ್ದೆ. ಇವತ್ತು ಸಿಕ್ಕಿದ. ನಿಂಗೆ ದೊಡ್ಡಪ್ಪ, ಮರ್ಯಾದೆಯಿಂದ ಮಾತಾಡ್ಸು" ಅಂದರಂತೆ. ತಂದೆ ಹೋಗಿ ಎಷ್ಟೋ ಕಾಲವಾಯಿತು. ದೊಡ್ಡಪ್ಪ ಉಳಿಯಿತು. ತಪ್ಪಾಯಿತು, ಉಳಿದರು. ಏಕವಚನ ಬಳಸಿದರೆ ಭಾವ ತಟ್ಟೆ ಸರಿಸಿ ಎದ್ದುಬಿಡುತ್ತಾರೆ.

ಪ್ರತಿ ಭಾನುವಾರ ಬೆಳಿಗ್ಗೆ ದೊಡ್ಡಪ್ಪನಿಗೆ ಬೆಚ್ಚಗಿನ ನೀರಿನ ಸ್ನಾನ. ಆಮೇಲೆ ತೂಕ. ಇದು ಭಾವನ ತಂದೆಯ ಕಾಲದಿಂದ ನಡೆದು ಬಂದದ್ದು. ತಕ್ಕಡಿಯ ಒಂದು ತಟ್ಟೆಗೆ ಟವೆಲ್ ಹಾಸಿ ಅವರನ್ನು ಕೂರಿಸಬೇಕು, ಅಂಥದೇ ಇನ್ನೊಂದು ಟವೆಲನ್ನು ಎದುರು ತಟ್ಟೆಗೂ ಹಾಕಬೇಕು, ಟವೆಲಿನ ತೂಕ ದೊಡ್ಡಪ್ಪನ ಲೆಕ್ಕಕ್ಕೆ ಸೇರಬಾರದು. ಎದುರು ತಟ್ಟೆಗೆ ತೂಕದ ಬಟ್ಟುಗಳನ್ನು ಹಾಕಿ, ಮುಳ್ಳು ನಿಂತ ಮೇಲೆ ಭಾವ ಮನೆಯವರೆಲ್ಲರಿಗೂ ಕೇಳುವ ಹಾಗೆ ತೂಕ ಘೋಷಿಸುತ್ತಾರೆ. ಅಕ್ಕ ಒಳಗಿನಿಂದ "ಸಂತೋಷ" ಅನ್ನಬೇಕು. ಅನ್ನುತ್ತಾಳೆ.

ಈ ವರ್ಷ ಭಾವ ಹಿತ್ತಿಲಿಗೆ ಸಿಮೆಂಟು ಹಾಕಿಸಿದರು. ಮಣ್ಣು ಮೆಟ್ಟಿ ಒಳಗೆ ಬಂದರೆ ಹೆಜ್ಜೆ ಮೂಡುತ್ತದೆ ಎಂಬುದು ಅವರ ಬಹುದಿನದ ಕೊರಗು. ಗೋಡೆಯಿಂದ ಗೋಡೆಗೆ ಕೇರಂ ಬೋರ್ಡಿನಂತೆ ನುಣ್ಣಗೆ ಮಾಡಿಸಿ, ನೆಲ ಸಮವಿದೆಯೇ ಎಂದು ರಸಮಟ್ಟವಿಟ್ಟು ತಾವೇ ನೋಡಿ, ಹಿಗ್ಗಿದರು. ಅಕ್ಕ ಮಾತ್ರ, "ದೊಡ್ಡಪ್ಪನಿಗೆ ಒಂದು ಮೂಲೇಲಾದ್ರೂ ಸ್ವಲ್ಪ ಮಣ್ಣು ಬಿಡಬಹುದಿತ್ತು ಕಣ್ರೀ. ಪ್ರತಿ ವರ್ಷ ಅಗೀತಿದ್ರು ಪಾಪ" ಅಂದಳು.

"ಅಗೀತಿದ್ದಿದ್ದು ಹವ್ಯಾಸಕ್ಕೆ. ಈ ವಯಸ್ಸಲ್ಲಿ ತೋಟಗಾರಿಕೆ ಯಾಕೆ? ಸಮತಟ್ಟಾಗಿದ್ರೆ ಓಡಾಡೋಕೆ ಸಲೀಸು."

ದೊಡ್ಡಪ್ಪ ಓಡಾಡಿದರು. ವಿಪರೀತ ಓಡಾಡಿದರು. ಬೆಳಗಾದರೆ ಗೋಡೆಯುದ್ದಕ್ಕೂ ಸುತ್ತು, ಮೂಲೆ ಸಿಕ್ಕಲ್ಲಿ ನಿಂತು ಹಿಂಗಾಲಿನಿಂದ ಸಿಮೆಂಟು ಕೆರೆಯುವುದು. ಕರ ಕರ ಕರ. ಆಮೇಲೆ ಸೌತೆಕಾಯಿ ಬಿಟ್ಟರು. ಸೊಪ್ಪು ಬಿಟ್ಟರು. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರನ್ನೇ ದಿಟ್ಟಿಸಿ, ಕೊನೆಗೆ ರೋಗ ಏನೆಂದು ತೀರ್ಮಾನ ಕೊಟ್ಟರು.

"ವೈರಾಗ್ಯ. ವಯಸ್ಸಾದೋರಿಗೆ ಹೀಗೆ ಆಗುತ್ತೆ. ಮೊದಲು ಊಟ ಬೇಡ ಅನ್ಸುತ್ತೆ."

ಹೇಳಿದ್ದು ಹೀಗೆ ಗತ್ತಿನಿಂದ. ಆದರೆ ಕಚೇರಿಗೆ ಹೋಗುವಾಗ ಗೇಟಿನ ಚಿಲಕ ಹಾಕುವುದನ್ನು ಮರೆತರು, ಕಚೇರಿಯಲ್ಲಿ ಒಬ್ಬ ದಿನಸಿಯವನ ತಕ್ಕಡಿಗೆ ಮುದ್ರೆಯನ್ನು ತಲೆಕೆಳಗಾಗಿ ಒತ್ತಿದರು. ಅವರ ಬದುಕಿನಲ್ಲಿ ಅಪ್ಪನ ಕೈಯಿಂದ ಬಂದು ಇನ್ನೂ ಉಸಿರಾಡುತ್ತಿದ್ದ ಜೀವ ಅದೊಂದೇ ಎಂಬುದು ನಮಗೆಲ್ಲ ಗೊತ್ತಿತ್ತು. ಅವರು ರಜೆ ಹಾಕಿದರು. ಕಾರಣ: ದೊಡ್ಡಪ್ಪನಿಗೆ ಹುಷಾರಿಲ್ಲ.

ಅವರ ಮೇಲಧಿಕಾರಿಯನ್ನು ನಾವೆಲ್ಲ ಸಾಹೇಬರು ಎನ್ನುತ್ತೇವೆ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಮನಸ್ಸು. ಸಿಬ್ಬಂದಿಯ ಮನೆಯಲ್ಲಿ ಹಿರಿಯರು ಮಲಗಿದ್ದಾರೆಂದು ಕೇಳಿ ಸುಮ್ಮನಿರುವ ಜಾತಿಯಲ್ಲ. ಮಾರನೆಯ ದಿನವೇ ಜೀಪಿನಲ್ಲಿ ಬಂದಿಳಿದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಮೊದಲೇ ಸಿದ್ಧಮಾಡಿಕೊಂಡು ಬಂದ ದುಃಖ.

"ಹೇಗಿದಾರೆ?" ಎಂದು ಪಿಸುಗುಟ್ಟಿದರು.

"ಊಟ ಬಿಟ್ಟಿದಾರೆ ಸಾರ್."

"ಮಾತು?"

"ಮಾತು ಮೊದಲಿಂದಲೂ ಇಲ್ಲ."

"ಅಯ್ಯೋ ಪಾಪ. ಎಲ್ಲಿ ಮಲಗ್ಸಿದೀರಿ?"

"ಬಚ್ಚಲಮನೇಲಿ. ಅಲ್ಲಿ ತಣ್ಣಗಿರುತ್ತೆ."

ಸಾಹೇಬರು ತಮ್ಮ ಇನ್ಸ್‌ಪೆಕ್ಟರನ್ನು ನೋಡಿದ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಹಿರಿಯರನ್ನು ಬಚ್ಚಲಮನೆಯಲ್ಲಿ ಮಲಗಿಸುವ ಮನುಷ್ಯನಿಗೆ ನಾನು ಬಡ್ತಿಗೆ ಶಿಫಾರಸು ಮಾಡಿದೆನಲ್ಲ ಎಂಬ ಪಶ್ಚಾತ್ತಾಪ ಅದರಲ್ಲಿ ಎದ್ದು ಕಾಣುತ್ತಿತ್ತು. ಭಾವ ಬಾಗಿಲು ತೆರೆದು, "ದೊಡ್ಡಪ್ಪ, ಸಾಹೇಬರು ಬಂದಿದಾರೆ" ಅಂದರು. ಬಕೆಟ್ಟಿನ ಹಿಂದಿನಿಂದ ಒಂದು ತಲೆ ಹೊರಬಂತು. ಸಾಹೇಬರು ಬಕೆಟ್ಟನ್ನು ನೋಡಿದರು, ತಲೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಸಾಹೇಬರ ದೊಡ್ಡತನ ಇಲ್ಲಿ ಗೊತ್ತಾಗುತ್ತದೆ. ತಂದ ಮಾತನ್ನು ಅವರು ವಾಪಸು ಒಯ್ಯಲಿಲ್ಲ. ಕಷ್ಟಪಟ್ಟು ಬಗ್ಗಿ, "ಧೈರ್ಯವಾಗಿರಿ. ಎಲ್ಲ ಸರಿಹೋಗುತ್ತೆ" ಎಂದು ಆಮೆಗೆ ಹೇಳಿ, ಬುಟ್ಟಿಯನ್ನು ಅದರ ಮುಂದೆ ಇಟ್ಟರು.

ಅದೇ ಹೊತ್ತಿಗೆ ಅಕ್ಕ ಫೋನು ಮಾಡಿ ಕರೆಸಿದ್ದ ಪ್ರಾಣಿವೈದ್ಯೆ ಬಂದರು. ಬೆನ್ನಿಗೆ ಚೀಲ, ಕಾಲಿಗೆ ಕ್ಯಾನ್ವಾಸ್ ಷೂ, ವಯಸ್ಸು ನೋಡಿದರೆ ಇನ್ನೂ ಕಾಲೇಜಿಗೆ ಹೋಗುವ ಹುಡುಗಿಯಂತಿದ್ದರು. ದೊಡ್ಡಪ್ಪನನ್ನು ಎತ್ತಿ, ಮೆಲ್ಲಗೆ ಓರೆ ಮಾಡಿ ಹೊಟ್ಟೆ ನೋಡಿ, ಬಾಲ ನೋಡಿ, ಹಿಂಗಾಲಿನ ಸಂದಿಯಲ್ಲಿ ಬೆರಳಿಟ್ಟು ತಡವಿದರು.

"ಸಾರ್, ಇದು ಹೆಣ್ಣು."

ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

"ಡಾಕ್ಟರಮ್ಮ," ಭಾವ ತಾಳ್ಮೆಯಿಂದ ಹೇಳಿದರು, "ನೀವಿನ್ನೂ ಚಿಕ್ಕವರು. ಇವರು ನಮ್ಮ ದೊಡ್ಡಪ್ಪ."

"ಇರಬಹುದು ಸಾರ್. ಆದ್ರೆ ಹೆಣ್ಣು. ಗಂಡಾದ್ರೆ ಹೊಟ್ಟೆ ಕಡೆ ಚಿಪ್ಪು ಒಳಕ್ಕೆ ತಗ್ಗಿರುತ್ತೆ, ಬಾಲ ಉದ್ದ ಇರುತ್ತೆ. ಇವರದು ನೋಡಿ, ಮಣೆ ಹಾಗೆ ಚಪ್ಪಟೆ."

"ವಯಸ್ಸಾದ್ಮೇಲೆ ಎಲ್ರಿಗೂ ಹೊಟ್ಟೆ ಆಕಾರ ಬದಲಾಗುತ್ತೆ" ಎಂದು ಭಾವ ಸಾಹೇಬರ ಕಡೆ ನೋಡಿದರು. ಸಾಹೇಬರು ಉಸಿರು ಒಳಗೆಳೆದುಕೊಂಡರು.

"ಬಹುಶಃ ಮೊಟ್ಟೆ ತುಂಬ್ಕೊಂಡಿದೆ. ಎಕ್ಸ್‌ರೇ ತೆಗೆಯೋಣ."

"ಅಂದ್ರೆ..." ಸಾಹೇಬರು ಕಷ್ಟಪಟ್ಟು ವಾಕ್ಯ ಜೋಡಿಸಿದರು, "ದೊಡ್ಡಪ್ಪ ಬಸುರಿ ಅಂತೀರಾ?"

ಸರ್ಕಾರಿ ಜೀಪಿನ ಇತಿಹಾಸದಲ್ಲಿ ಅಂಥ ಸವಾರಿ ಇನ್ನೊಂದಿರಲಾರದು. ಮುಂದೆ ಸಾಹೇಬರು, ಹಿಂದೆ ನಾನು, ಭಾವ, ಭಾವನ ತೊಡೆಯ ಮೇಲೆ ಟವೆಲು ಹೊದ್ದ ದೊಡ್ಡಪ್ಪ. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು. ಚಿಪ್ಪಿನೊಳಗೆ ದುಂಡುದುಂಡಾಗಿ ಬೆಳ್ಳಗೆ, ಒಂದರ ಪಕ್ಕ ಒಂದು. ನನ್ನಂಥವನಿಗೂ ಗೊತ್ತಾಯಿತು.

"ಕಲ್ಲು" ಅಂದರು ಭಾವ.

"ಸಾರ್?"

"ಸಿಮೆಂಟು ಕೆಲಸ ನಡೆಯುವಾಗ ಜಲ್ಲಿ ಬಿದ್ದಿತ್ತು. ನುಂಗಿರಬೇಕು."

"ಎಲ್ಲ ಒಂದೇ ಅಳತೆಗೆ ಇದಾವಲ್ಲ ಸಾರ್."

"ಜರಡಿ ಹಿಡಿದ ಜಲ್ಲಿ. ನಾನು ಕಡಿಮೆ ದರ್ಜೆ ಮಾಲು ತರ್ಸಲ್ಲ."

ಡಾಕ್ಟರಮ್ಮ ಫಿಲ್ಮನ್ನು ಕೆಳಗಿಟ್ಟರು. ಆಮೇಲೆ ಭಾವನ ಎದುರು ಕುರ್ಚಿ ಎಳೆದುಕೊಂಡು ಕೂತು, ನಗದೆ, ಸಿಟ್ಟಾಗದೆ ಹೇಳಿದರು. ಗಂಡಿಲ್ಲದಿದ್ದರೂ ಹೆಣ್ಣಾಮೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಇಷ್ಟು ವರ್ಷ ಹಿತ್ತಿಲ ಮಣ್ಣು ಅಗೆದು, ಇಟ್ಟು, ಮುಚ್ಚಿ, ಮೇಲೆ ಹೊಟ್ಟೆಯಿಂದ ತಟ್ಟಿ ಸಮ ಮಾಡಿ ಬರುತ್ತಿದ್ದಿರಬೇಕು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. "ಈ ಸಲ ಅಗೆಯೋಕೆ ಜಾಗ ಇಲ್ಲ. ಅದಕ್ಕೇ ತಡ್ಕೊಂಡಿದಾರೆ. ಹೀಗೇ ಬಿಟ್ರೆ ಒಳಗೇ ಕೆಡುತ್ತೆ, ಆಮೇಲೆ ಅವರು ಉಳಿಯಲ್ಲ. ಆಪರೇಷನ್ ಇದೆ, ಆದ್ರೆ ಈ ವಯಸ್ಸಿಗೆ ನಾನು ಧೈರ್ಯ ಕೊಡಲಾರೆ. ಇವತ್ತು ಇಂಜೆಕ್ಷನ್ ಕೊಡ್ತೀನಿ. ನೀವು ಆ ಸಿಮೆಂಟು ಒಡೆಸಿ ಸಾರ್. ಅವರಿಗೆ ಆಳವಾದ, ಮೆತ್ತಗಿನ ಮಣ್ಣು ಬೇಕು."

ಭಾವ ದೊಡ್ಡಪ್ಪನ ಮೇಲಿನ ಟವೆಲು ಸರಿಪಡಿಸಿದರು. "ಇವರನ್ನ ಮನೆಗೆ ತಂದಿದ್ದು ನಮ್ಮಪ್ಪ. ಗಂಡು ಅಂತ ಹೇಳಿದ್ದೂ ಅವರೇ" ಎಂದಷ್ಟೇ ಹೇಳಿ ಎದ್ದರು.

ಸಂಜೆಯೊಳಗೆ ಬೀದಿ ಎರಡು ಪಕ್ಷವಾಯಿತು. ತರಕಾರಿಯವನು ಭಾವನ ಪಕ್ಷ. ಅವನಿಗೆ ಬೇರೆ ದಾರಿ ಇರಲಿಲ್ಲ. ದೂರದಲ್ಲಿರುವ ಭಾವನ ತಂಗಿ ಫೋನಿನಲ್ಲಿ, "ಅಪ್ಪ ಗಂಡು ಅಂದ್ಮೇಲೆ ಮುಗೀತು! ನಿನ್ನೆ ಮೊನ್ನೆ ಓದಿ ಬಂದ ಹುಡುಗಿ ಮಾತು ಕೇಳಿ ನಮ್ಮ ದೊಡ್ಡಪ್ಪನ್ನ ದೊಡ್ಡಮ್ಮ ಮಾಡ್ತೀಯಾ?" ಎಂದು ಕೂಗಿ, ಉಸಿರು ತೆಗೆದುಕೊಂಡು, "ಎಷ್ಟು ಮೊಟ್ಟೆಯಂತೆ?" ಅಂದಳು. ಪಕ್ಕದ ಮನೆಯಲ್ಲಿ ಕೋಳಿ ಸಾಕುವ ಅಜ್ಜಿ ಮಾತ್ರ ಕಾಂಪೌಂಡಿನ ಮೇಲೆ ಮೊಣಕೈ ಊರಿ ನೇರ ವಿಚಾರಣೆಗೇ ಇಳಿದರು.

"ಹೋದ ವರ್ಷ ನಿಮ್ಮ ಹಿತ್ತಿಲಲ್ಲಿ ಸಿಕ್ತು ಅಂತ ಒಂದು ಮೊಟ್ಟೆ ತಂದ್ಕೊಟ್ಟಿದ್ದೆಯಲ್ಲಪ್ಪ, ನೆನಪಿದೆಯಾ?"

"ನಿಮ್ಮ ಕೋಳಿ ಗೋಡೆ ಹಾರಿ ಬಂದು ಇಟ್ಟಿತ್ತು ಅಜ್ಜಿ."

"ನನ್ನ ಕೋಳಿ ಅಷ್ಟು ದುಂಡಗೆ ಇಡಲ್ಲ ಅಂತ ಅವತ್ತೇ ಬಡ್ಕೊಂಡೆ. ನೀನು, 'ಅಜ್ಜಿ, ನಿಮ್ಮ ಕೋಳಿ ವಿಷಯ ನಿಮಗೆ ಗೊತ್ತಿಲ್ಲ' ಅಂದ್ಬಿಟ್ಟೆ."

ಭಾವ ಗೋಡೆಯ ಹತ್ತಿರಕ್ಕೆ ಬಂದು, "ಆ ಮೊಟ್ಟೆ ಏನು ಮಾಡಿದ್ರಿ?" ಅಂದರು.

"ಅದನ್ನ ಮಾತ್ರ ಕೇಳಬೇಡ" ಎಂದು ಅಜ್ಜಿ ಒಳಗೆ ಹೋದರು.

ಭಾವ ಸೋಲಲಿಲ್ಲ. ಆದರೆ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ಎಲ್ಲಿಂದಲೋ ಮಣ್ಣು ತುಂಬಿಸಿ ತಂದರು. "ಮೊಟ್ಟೆಗಲ್ಲ, ಮನರಂಜನೆಗೆ" ಎಂದು ನಮಗೆಲ್ಲ ಸ್ಪಷ್ಟಪಡಿಸಿದರು. ಎತ್ತಿ ಒಳಗಿಟ್ಟರೆ ದೊಡ್ಡಪ್ಪ ಒಂದೆರಡು ಸಲ ಕೆರೆದರು. ಉಗುರಿಗೆ ತಳದ ಪ್ಲಾಸ್ಟಿಕ್ಕು ತಾಗಿತು. ಕೆಳಗಿಳಿಸಿದ್ದೇ ಹೋಗಿ ಮತ್ತೆ ಸಿಮೆಂಟು ಕೆರೆಯತೊಡಗಿದರು. ಈಗ ಅವರ ಹಿಂಗಾಲಿನ ಚರ್ಮ ಸುಲಿದು ಕೆಂಪಗಾಗಿತ್ತು. ಭಾವ ಅದಕ್ಕೆ ಮುಲಾಮು ಹಚ್ಚಿದರು, ನುಣುಪು ಸಿಮೆಂಟಿನ ಮೇಲೆ ತಮ್ಮ ಒಳ್ಳೆಯ ಉಣ್ಣೆಯ ಶಾಲು ಹಾಸಿದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ. ಇಷ್ಟು ಪ್ರೀತಿ ಮಾಡುವ ಮನುಷ್ಯ ತಪ್ಪು ತಿಳಿದುಕೊಂಡು ಅದೇ ಜೀವವನ್ನು ಕೊಲ್ಲುತ್ತಿದ್ದಾನಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಭಾನುವಾರ ಬಂತು. ಸ್ನಾನವಾಯಿತು. ತೂಕಕ್ಕೆ ಕೂರಿಸುವಾಗ ಭಾವ ನನಗೆ ಪಾಠ ಹೇಳಿದರು: "ನೋಡ್ತಿರು. ವೈರಾಗ್ಯದಲ್ಲಿ ತೂಕ ಇಳಿಯುತ್ತೆ. ಇಳಿದಿದ್ರೆ ಡಾಕ್ಟರಮ್ಮನ ಮಾತು ಸುಳ್ಳು."

ಬಟ್ಟು ಹಾಕಿದರು. ದೊಡ್ಡಪ್ಪನ ತಟ್ಟೆ ಮೇಲೇಳಲಿಲ್ಲ. ಇನ್ನೊಂದು ಬಟ್ಟು ಹಾಕಿದರು. ಏಳಲಿಲ್ಲ. ಸಣ್ಣ ಬಟ್ಟುಗಳೆಲ್ಲ ಖಾಲಿಯಾದ ಮೇಲೆ ಮುಳ್ಳು ನಡುವಿಗೆ ಬಂದು ನಿಂತಿತು. ಊಟ ಬಿಟ್ಟ ದೊಡ್ಡಪ್ಪ ಸಿಮೆಂಟು ಹಾಕುವ ಮೊದಲಿಗಿಂತ ಹೆಚ್ಚು ತೂಗುತ್ತಿದ್ದರು.

ಅಕ್ಕ ಒಳಗಿನಿಂದ, "ಎಷ್ಟೂರೀ?" ಅಂದಳು.

"ತಕ್ಕಡಿ ಸುಳ್ಳು ಹೇಳ್ತಿದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ವರ್ಷಕ್ಕೊಮ್ಮೆ ಭಾವ ತಾವೇ ಕಚೇರಿಗೆ ಹೊತ್ತೊಯ್ದು, ಬೇರೆಯವರ ಸಾಲಿನಲ್ಲಿ ನಿಂತು, ಮುದ್ರೆ ಹಾಕಿಸಿಕೊಂಡು ಬರುವ ತಕ್ಕಡಿ ಅದು.

ಸಾಹೇಬರು ರೋಗಿಯನ್ನು ನೋಡಲು ದಿನವೂ ಬರುವ ಅಭ್ಯಾಸ ಮಾಡಿಕೊಂಡಿದ್ದರು, ಆಗಲೂ ಬಂದರು. ವಿಷಯ ಕೇಳಿ ಜೀಪು ಹತ್ತಿ ಹೋದವರು ಕಚೇರಿಯ ಮಖಮಲ್ಲಿನ ಪೆಟ್ಟಿಗೆಯೊಂದಿಗೆ ಹಿಂದಿರುಗಿದರು. ಅದರಲ್ಲಿರುವುದು ಹಿತ್ತಾಳೆಯ ಮೂಲ ಬಟ್ಟುಗಳು. ಊರಿನ ಎಲ್ಲ ಬಟ್ಟುಗಳನ್ನೂ ಅವುಗಳೊಂದಿಗೆ ಹೋಲಿಸಿಯೇ ಸರಿ ತಪ್ಪು ಹೇಳುವುದು. ಬೆರಳಿನ ಜಿಡ್ಡು ಅಂಟಿದರೂ ತೂಕ ಕೆಡುತ್ತದೆಂದು ಬರಿಗೈಯಲ್ಲಿ ಯಾರೂ ಮುಟ್ಟುವುದಿಲ್ಲ.

"ಪರೀಕ್ಷೆ ಮಾಡ್ರೀ" ಅಂದರು. "ತಕ್ಕಡಿ ಮೇಲೆ ದೂರು ಬಂದಿದೆ. ಇನ್ಸ್‌ಪೆಕ್ಟರು ನೀವೇ ತಾನೆ?"

ಭಾವ ಕೈ ತೊಳೆದರು. ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಬಟ್ಟು ಹಿಡಿದು ತಟ್ಟೆಗೆ ಇಳಿಸಿದರು. ಮುಳ್ಳು ತೂಗಾಡಿ ನಡುವೆ ನಿಂತಿತು. ತಟ್ಟೆ ಅದಲು ಬದಲು ಮಾಡಿದರು. ನಡುವೆಯೇ ನಿಂತಿತು. ಕಿಟಕಿ ಮುಚ್ಚಿ, ಗಾಳಿ ತಡೆದು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ತಕ್ಕಡಿ ಸರಿ ಇದೆ ಸಾರ್" ಎಂದು ಭಾವ ವರದಿ ಒಪ್ಪಿಸಿದರು. ಆಮೇಲೆ ದೊಡ್ಡಪ್ಪನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. "ಆದ್ರೆ ಅಪ್ಪ ಹೇಳಿದ್ರು" ಅಂದರು. ದನಿ ಇನ್ಸ್‌ಪೆಕ್ಟರದಾಗಿರಲಿಲ್ಲ, ಮಗನದಾಗಿತ್ತು. "ಅಪ್ಪ ಹೇಳಿದ್ದೊಂದೇ ನನ್ಹತ್ರ ಇರೋದು. ಅದೂ ತಪ್ಪು ಅಂದ್ರೆ ಹೇಗೆ?"

ಅಕ್ಕ ಬಂದು ಅವರ ಎದುರು ಕೂತಳು.

"ಅವತ್ತು ಮಾವ ಲಾರಿ ಮುಂದೆ ಬಗ್ಗಿದ್ರಲ್ಲ, ಗಂಡೋ ಹೆಣ್ಣೋ ಅಂತ ನೋಡಿ ಎತ್ಕೊಂಡ್ರಾ?"

ಭಾವ ಅಕ್ಕನ ಮುಖವನ್ನೇ ನೋಡಿದರು.

"ಸಾಯುತ್ತೆ ಅಂತ ಎತ್ಕೊಂಡ್ರು" ಅಂದಳು ಅಕ್ಕ. "ಈಗ್ಲೂ ಅದೇ ಕೆಲಸ ತಾನೇ ಇರೋದು?"

ಭಾವ ಎದ್ದರು. ನೇರ ಅಜ್ಜಿಯ ಬಳಿ ಹೋಗಿ ಹಾರೆ ಕೇಳಿದರು. ಅಜ್ಜಿ ಅದನ್ನು ಮೂರು ದಿನದಿಂದ ಗೋಡೆಗೆ ಒರಗಿಸಿಯೇ ಇಟ್ಟಿದ್ದರು. ಕೇರಂ ಬೋರ್ಡಿನಂಥ ಸಿಮೆಂಟಿನ ನಟ್ಟನಡುವೆ ಮೊದಲ ಏಟು ಬಿದ್ದದ್ದನ್ನು ಆ ನೆಲ ಹಾಕಿದ ಮೇಸ್ತ್ರಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಎಷ್ಟು ಗಟ್ಟಿಯಾಗಿ ಹಾಕಿಸಿದ್ದರೋ ಪುಣ್ಯಾತ್ಮ, ಅಷ್ಟೇ ಕಷ್ಟಪಟ್ಟು ಒಡೆದರು. ಸಾಹೇಬರು ಅಂಗಿಯ ತೋಳು ಮಡಿಸಿ ಸಿಮೆಂಟಿನ ಹೆಂಟೆ ಎತ್ತಿದರು, ಹಣ್ಣು ತಂದ ಅದೇ ಬುಟ್ಟಿಯಲ್ಲಿ ನಾನು ಹೊತ್ತೆ. ಅಜ್ಜಿ ಆಚೆಯಿಂದ, "ಇನ್ನೂ ಆಳ, ಇನ್ನೂ ಆಳ, ಮನಸ್ಸಿಟ್ಟು ಅಗೀರಪ್ಪ" ಎಂದು ಆಡಳಿತ ನಡೆಸಿದರು. ಭಾವ ಅಳುತ್ತಿದ್ದರು. ಕಣ್ಣಿಗೆ ಧೂಳು ಬಿತ್ತೆಂಬ ನೆಪವನ್ನೂ ಹೇಳಲಿಲ್ಲ.

ಒಣಗಿ ಗಟ್ಟಿಯಾಗಿದ್ದ ಮಣ್ಣನ್ನು ಕೈಯಲ್ಲೇ ಪುಡಿ ಮಾಡಿ, ನೀರು ಚಿಮುಕಿಸಿ, ದೊಡ್ಡಪ್ಪನನ್ನು ಇಳಿಸಿದರು. ಅವರು ಮೂಸಿದರು. ಒಂದು ಸುತ್ತು ಬಂದರು. ಆಮೇಲೆ ನಮ್ಮ ಕಡೆ ಬೆನ್ನು ತಿರುಗಿಸಿ ಹಿಂಗಾಲಿನಿಂದ ಅಗೆಯತೊಡಗಿದರು. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಅವಸರವಿಲ್ಲದ ಕೆಲಸ. ಸಾಹೇಬರ ಸೊಂಟ ಹಿಡಿದುಕೊಂಡಿತು. ಅಕ್ಕ ಒಲೆ ಆರಿಸಿ ಬಂದಳು. ಬಿಸಿಲು ಗೋಡೆ ಹತ್ತಿ ಇಳಿಯುವ ಹೊತ್ತಿಗೆ ಗುಂಡಿ ಸಿದ್ಧವಾಯಿತು, ಮೊದಲ ಮೊಟ್ಟೆ ಜಾರಿ ಬಿತ್ತು. ಬೆಳ್ಳಗೆ, ದುಂಡಗೆ.

"ಜಲ್ಲಿ" ಎಂದು ಅಜ್ಜಿ ಪಿಸುಗುಟ್ಟಿದರು. ಭಾವನೇ ಮೊದಲು ನಕ್ಕರು. ಆಮೇಲೆ ನಾವು.

ಒಂದೊಂದು ಮೊಟ್ಟೆ ಬಿದ್ದಾಗಲೂ ಭಾವ, "ಸಾವಕಾಶ ತಾಯಿ, ಸಾವಕಾಶ" ಅನ್ನುತ್ತಿದ್ದರು. ಕೊನೆಗೆ ದೊಡ್ಡಪ್ಪ ಮಣ್ಣು ಎಳೆದು ಮುಚ್ಚಿ, ಹೊಟ್ಟೆಯಿಂದ ತಟ್ಟಿ ತಟ್ಟಿ ಎಷ್ಟು ಸಮ ಮಾಡಿದರೆಂದರೆ ನನಗೆ ರಸಮಟ್ಟ ತಂದಿಟ್ಟು ನೋಡುವ ಆಸೆಯಾಯಿತು. ಡಾಕ್ಟರಮ್ಮನಿಗೆ ಭಾವ ತಾವೇ ಫೋನು ಮಾಡಿ, "ನೀವು ಹೇಳಿದ್ದೇ ಸರಿಯಮ್ಮ. ನಾನು ಹೇಳಿದ್ದು ತಪ್ಪು" ಅಂದರು. ಇಪ್ಪತ್ತು ಸಲ ಅಭ್ಯಾಸ ಮಾಡಿದವರಂತೆ ಸಲೀಸಾಗಿ ಅಂದರು. ಅವರ ಬಾಯಲ್ಲಿ ಆ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಸೌತೆಕಾಯಿ ತಿಂದರು. ಹೆಸರು ಬದಲಾಯಿಸುವುದೋ ಬೇಡವೋ ಎಂದು ಚರ್ಚೆಯಾಯಿತು. ಈ ವಯಸ್ಸಿನಲ್ಲಿ ಕರೆದರೆ ತಿರುಗುವ ಹೆಸರೇ ಇರಲಿ ಎಂದು ತೀರ್ಮಾನವಾಯಿತು. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದೆ. ಅಕ್ಕ ಒಡೆದ ಸಿಮೆಂಟಿನ ಅಂಚಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಭಾವ ಕಚೇರಿಯ ಉಡುಪಿನಲ್ಲಿ, ಚಪ್ಪಲಿಗೆ ಮಣ್ಣು ಮೆತ್ತಿಕೊಂಡು, ಮೊಟ್ಟೆ ಮುಚ್ಚಿದ ಜಾಗವನ್ನು ನೋಡುತ್ತ ನಿಂತಿದ್ದರು.

"ದಿನಾ ಎತ್ತಿ ಆಡಿಸಿದ ಜೀವ" ಅಂದರು. "ಅದರ ವಿಷಯದಲ್ಲೇ ಇಷ್ಟು ತಪ್ಪು ತಿಳ್ಕೊಂಡಿದ್ದೆ." ಅಕ್ಕನ ಕಡೆ ತಿರುಗಿದರು. "ನಿನ್ನ ವಿಷಯದಲ್ಲಿ ಏನಾದ್ರೂ ತಪ್ಪು ತಿಳ್ಕೊಂಡಿದೀನಾ?"

ತಮಾಷೆಗೆ ಕೇಳಿದ್ದಲ್ಲ. ಅಕ್ಕನಿಗೂ ಅದು ಗೊತ್ತಾಯಿತು. ಕೈಯಲ್ಲಿದ್ದ ಅಂಗಿಯನ್ನು ಬಕೆಟ್ಟಿಗೆ ವಾಪಸು ಹಾಕಿದಳು.

"ನಾನು ಒಂದೊಂದ್ಸಲ ಮಾತು ಬಿಡ್ತೀನಲ್ಲ, ಆಗ ನಂಗೆ ಕೋಪ ಬಂದಿದೆ ಅಂದ್ಕೊಳ್ತೀರಿ."

"ಬಂದಿರಲ್ವಾ?"

"ಕೋಪ ಬಂದ್ರೆ ನಾನು ಬೈತೀನಿ. ಮಾತು ಬಿಡೋದು ಬೇಜಾರಾದಾಗ."

"ತಣ್ಣಗಾಗ್ಲಿ ಅಂತ ನಾನು ಎದ್ದು ಹೊರಗೆ ಹೋಗ್ತೀನಲ್ಲ?"

"ಹೂಂ. ಹೋಗ್ತೀರಿ" ಅಂದಳು ಅಕ್ಕ. "ನಾನು ಇಲ್ಲಿ ಕೂತು ಕಾಯ್ತಿರ್ತೀನಿ."

ಭಾವ ಗಡಿಯಾರ ನೋಡಲಿಲ್ಲ. ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಕಚೇರಿಯ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತು, ಅವಳಿಗೂ ಜಾಗ ಬಿಟ್ಟರು.

"ಎರಡನೇದು ಹೇಳು" ಅಂದರು.

ನಾನು ಲೋಟ ಎತ್ತಿಕೊಂಡು ಮಹಡಿಗೆ ಹೋದೆ.